ನೋಡುವಾಗ ತಿಳಿದಿತ್ತು

ಗೌತಮಿಯ ಪೆನ್ಸಿಲ್ ಒಂದು ಸಾಲು ಬರೆದು ನಿಂತುಬಿಟ್ಟಿತು. ಮುಂದೇನು ಬರೆಯಬೇಕೆಂದು ಹೊಳೆಯಲೇ ಇಲ್ಲ.

ಹಾಳೆಯ ಮೇಲಿದ್ದದ್ದು ಒಂದೇ ಪ್ರಶ್ನೆ. ಚಂದ್ರ ಒಮ್ಮೆ ಪೂರ್ತಿ, ಒಮ್ಮೆ ಅರ್ಧ, ಒಮ್ಮೆ ಕುಡುಗೋಲಿನ ಹಾಗೆ ಕಾಣುವುದು ಏಕೆ? ಚಿತ್ರ ಬರೆದು ವಿವರಿಸಿ.

ಇದರಲ್ಲಿ ಕಷ್ಟವೇನಿದೆ? ಈಗಷ್ಟೇ ದೊಡ್ಡ ಟೀವಿಯಲ್ಲಿ ನೋಡಿದ್ದಳು. ಹಳದಿ ಸೂರ್ಯ, ನೀಲಿ ಭೂಮಿ, ಭೂಮಿಯ ಸುತ್ತ ತಿರುಗುವ ಬಿಳಿ ಚಂದ್ರ. ಹಿಂದೆ ಸಣ್ಣಗೆ ಮ್ಯೂಸಿಕ್. ಯಾವುದೋ ಅಕ್ಕ ಸಿಹಿ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ವಿಡಿಯೋ ಮುಗಿದ ಮೇಲೆ, ಎಷ್ಟು ತಿಳಿಯಿತು ಎಂದು ಕೇಳಿ ಮೂರು ಮುಖಗಳ ಚಿತ್ರ ಕೊಟ್ಟಿದ್ದರು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಗೌತಮಿ ಹಿಂದೆಮುಂದೆ ನೋಡದೆ ನಗುವ ಮುಖಕ್ಕೆ ಸುತ್ತು ಹಾಕಿದ್ದಳು.

ಈಗ ಕಣ್ಣು ಮುಚ್ಚಿದರೆ ಚಂದ್ರ ಚೆಂದಾಗಿ ತಿರುಗುತ್ತಿದ್ದ. ಕಣ್ಣು ತೆರೆದರೆ ಖಾಲಿ ಹಾಳೆ.

ಕೊನೆಗೆ, ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ, ಅದಕ್ಕೇ ಅರ್ಧ ಕಾಣುತ್ತದೆ ಎಂದು ಬರೆದಳು. ಟೀವಿಯ ಅಕ್ಕ ಹಾಗೆ ಹೇಳಿದ್ದಳೇ? ಹೇಳಿದ್ದಿರಬೇಕು. ಅಷ್ಟರಲ್ಲಿ ಶೀಲಾ ಮೇಡಂ ಬಂದು ಹಾಳೆ ತೆಗೆದುಕೊಂಡರು.

ಶೀಲಾ ಮೇಡಂ ಬಾಗಲಕೋಟೆಯ ವಿದ್ಯಾಗಿರಿಯವರು. ಅಲ್ಲಿ ಕಾಲೇಜಿನಲ್ಲಿ ಕಲಿಸುತ್ತಾರೆ. ಮಕ್ಕಳು ವಿಡಿಯೋ ನೋಡಿ ಹೇಗೆ ಕಲಿಯುತ್ತಾರೆ ಎಂದು ರಿಸರ್ಚ್ ಮಾಡಲು ಹುನಗುಂದದ ಈ ಶಾಲೆಗೆ ಟೀವಿ ಸಮೇತ ಬಂದಿದ್ದರು. ಐದನೆಯ ತರಗತಿಯನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಟೀವಿ. ಇನ್ನೊಂದು ಗುಂಪಿಗೆ ಸುನಂದಾ ಟೀಚರ್ ಅದೇ ಪಾಠವನ್ನು ಹೊರಗೆ ಬಯಲಿನಲ್ಲಿ ಹೇಳಿಕೊಟ್ಟಿದ್ದರು. ಒಂದು ವಾರ ಬಿಟ್ಟು ಎರಡೂ ಗುಂಪಿಗೆ ಇದೇ ಪ್ರಶ್ನೆ ಮತ್ತೊಮ್ಮೆ ಕೊಡುತ್ತಾರಂತೆ. ಅಲ್ಲಿಯವರೆಗೆ ಒಂದು ಗುಂಪಿನವರು ಇನ್ನೊಂದು ಗುಂಪಿನವರ ಜೊತೆ ಪಾಠದ ಮಾತು ಆಡಬಾರದು ಎಂದು ಮೇಡಂ ಹೇಳಿದ್ದರು.

ಟೀವಿ ಗುಂಪಿನವರಿಗೆಲ್ಲ ಖುಷಿಯೋ ಖುಷಿ. ಅದೇ ಗುಂಪಿನ ವಿಜಯಮಹಾಂತೇಶ ಊಟದ ಹೊತ್ತಿಗೆ ಒಂದು ಸುದ್ದಿ ತಂದ. ಟೀವಿ ಗುಂಪಿಗೆ ಮಾರ್ಕ್ಸ್ ಜಾಸ್ತಿ ಬಂದರೆ ಟೀವಿ ಶಾಲೆಯಲ್ಲೇ ಉಳಿಯುತ್ತದಂತೆ, ಕಡಿಮೆ ಬಂದರೆ ಹೋಗುತ್ತದಂತೆ. ಯಾರು ಹೇಳಿದರು ಎಂದು ಕೇಳಿದರೆ, ಎಲ್ಲರೂ ಹೇಳುತ್ತಿದ್ದಾರೆ ಎಂದ.

"ಗೌತಮಿ, ನೀ ಅಂತೂ ಬರೋಬರಿ ಬರದಿರ್ತಿ ಬಿಡು," ಎಂದು ಅವನು ನಿಶ್ಚಿಂತೆಯಿಂದ ಡಬ್ಬಿ ಮುಚ್ಚಿದ. ತರಗತಿಯಲ್ಲಿ ಯಾವಾಗಲೂ ಹೆಚ್ಚು ಮಾರ್ಕ್ಸ್ ಅವಳಿಗೇ. ಗೌತಮಿ ಊಟ ಅರ್ಧಕ್ಕೇ ಬಿಟ್ಟು ತನ್ನ ಡಬ್ಬಿಯನ್ನೂ ಮುಚ್ಚಿದಳು.

ಸಂಜೆ ಮನೆಯಲ್ಲಿ ಅಮ್ಮನ ಫೋನಿನಲ್ಲಿ ಅಂಥದ್ದೇ ಒಂದು ವಿಡಿಯೋ ಹುಡುಕಿ ನೋಡಿದಳು. ಮತ್ತೆ ಎಲ್ಲ ತಿಳಿಯಿತು. ನೀರು ಕುಡಿದಷ್ಟು ಸಲೀಸಾಗಿ ತಿಳಿಯಿತು. ಓಡಿಹೋಗಿ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಅಮ್ಮನಿಗೆ, ಚಂದ್ರನ ಪಾಠ ಪೂರ್ತಿ ತಿಳಿಯಿತು ಎಂದಳು.

ಅಮ್ಮ ಕುಮುದಿನಿ ಚಪಾತಿ ತಿರುವಿ ಹಾಕುತ್ತ, "ಹೌದಾ? ನಂಗೂ ಹೇಳು ನೋಡೋಣ," ಎಂದರು.

ಗೌತಮಿ ಶುರುಮಾಡಿದಳು. ಸೂರ್ಯ ಇಲ್ಲಿದೆ, ಭೂಮಿ ಇಲ್ಲಿದೆ, ಚಂದ್ರ ಹೀಗೆ ತಿರುಗುತ್ತದೆ. ತಿರುಗಿದ ಮೇಲೆ? ತಿರುಗಿದ ಮೇಲೆ ಅರ್ಧ ಕಾಣುತ್ತದೆ. ಯಾಕೆ ಅರ್ಧ? ಯಾಕೆಂದರೆ ತಿರುಗುತ್ತದೆ. ಅಲ್ಲಿಗೆ ಮಾತು ನಿಂತಿತು. ಅಮ್ಮ ಕಾಯುತ್ತ ನಿಂತರು. ಅಷ್ಟೊತ್ತಿಗೆ ತವೆಯ ಮೇಲಿನ ಚಪಾತಿ ಕರಕಾಗುವ ವಾಸನೆ ಬಂತು. ಗೌತಮಿ ಮೆಲ್ಲಗೆ ಹೊರಗೆ ಬಂದುಬಿಟ್ಟಳು.

ತಿಳಿದದ್ದು ಎಲ್ಲಿಗೆ ಹೋಗುತ್ತದೆ? ಆ ರಾತ್ರಿ ಮಲಗುವಾಗಲೂ ಅವಳಿಗೆ ಅದೇ ಯೋಚನೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ತೌಸಿಫ ಬಯಲಿನಲ್ಲಿ ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಅವನು ಸುನಂದಾ ಟೀಚರ್ ಗುಂಪಿನವನು. ಗೌತಮಿ ಅವನ ಹತ್ತಿರ ಹೋಗಿ ನಿಂತಳು, ಸುಮ್ಮನೆ ಚಪ್ಪಲಿಯಿಂದ ಮಣ್ಣು ಕೆದರಿದಳು. ಆಮೇಲೆ, ಚಂದ್ರ ಅರ್ಧ ಕಾಣುವುದು ಯಾಕೆ ಎಂದು ಕೇಳಿಯೇ ಬಿಟ್ಟಳು.

ಮೇಡಂ ಹೇಳಬ್ಯಾಡ ಅಂದಿದ್ದಾರೆ ಎಂದು ತೌಸಿಫ ತಲೆ ಅಲ್ಲಾಡಿಸಿದ. ಟೀವಿ ಹೋಗಿಬಿಡುತ್ತದೆ ಎಂದು ಗೌತಮಿ ಹೇಳಿದಳು. ತೌಸಿಫನಿಗೂ ಟೀವಿ ಬೇಕಿತ್ತು. ಅವನು ಅತ್ತಿತ್ತ ನೋಡಿ ಚೆಂಡನ್ನು ಅವಳ ಕೈಗೆ ಕೊಟ್ಟ.

"ನಾ ಏನೂ ಹೇಳಾಂಗಿಲ್ಲ. ನೀ ಬರೇ ಚೆಂಡು ಹಿಡಿ. ಮ್ಯಾಲ ಚಂದ್ರ ಕಾಣ್ತಾನ ನೋಡು, ಅದರ ಬಾಜೂಕ ಹಿಡಿ."

ಗೌತಮಿ ತಲೆಯೆತ್ತಿದಳು. ಹಗಲಿನ ಬಿಳಿಚಿದ ಆಕಾಶದಲ್ಲಿ ಅರ್ಧ ಚಂದ್ರ ಇತ್ತು. ಕೈ ಮೇಲೆತ್ತಿ ಚೆಂಡನ್ನು ಅದರ ಪಕ್ಕಕ್ಕೆ ಹಿಡಿದಳು. ಬಲಗಡೆಯಿಂದ ಇಳಿಬಿಸಿಲು ಚೆಂಡಿನ ಮೇಲೆ ಬಿದ್ದಿತ್ತು. ಚೆಂಡಿನ ಬಲಭಾಗ ಬೆಳ್ಳಗೆ, ಎಡಭಾಗ ಕಪ್ಪಗೆ. ಚಂದ್ರನದೂ ಹಾಗೆಯೇ. ಅದೇ ಕಡೆ, ಅಷ್ಟೇ ಅರ್ಧ.

ಚೆಂಡಿನ ಮೇಲೆ ಯಾರ ನೆರಳೂ ಬಿದ್ದಿರಲಿಲ್ಲ. ಬಿಸಿಲು ತಾಗಿದ ಕಡೆ ಬೆಳಕು, ತಾಗದ ಕಡೆ ಕತ್ತಲು, ಅಷ್ಟೇ. ಚೆಂಡು ಹಿಡಿದು ಸೂರ್ಯನ ದಿಕ್ಕಿಗೆ ಮೆಲ್ಲಗೆ ತಿರುಗಿದಳು. ಬೆಳಕಿನ ಭಾಗ ಸಣ್ಣಗಾಗುತ್ತ ಕುಡುಗೋಲಾಯಿತು. ಚೆಂಡು ಅದೇ, ಬಿಸಿಲೂ ಅದೇ. ತಾನು ನೋಡುವ ಕಡೆ ಮಾತ್ರ ಬೇರೆ.

ಅದನ್ನು ಹೇಳಲು ಬಾಯಿ ತೆರೆದಳು. ತೌಸಿಫ ಕಿವಿ ಮುಚ್ಚಿಕೊಂಡು, ತಾನು ಏನೂ ಹೇಳಿಲ್ಲ, ಏನೂ ಕೇಳಿಲ್ಲ ಎಂದು ಚೆಂಡು ಇಸಿದುಕೊಂಡು ಮನೆಗೆ ಓಡಿದ.

ಎರಡನೆಯ ಸಲ ಪ್ರಶ್ನೆ ಬಂದಾಗ ಗೌತಮಿ ಒಂದೇ ಉಸಿರಿಗೆ ಬರೆದಳು. ಚಿತ್ರವೂ ಸರಿಯಾಗಿ ಬಂತು. ಹಾಳೆ ಕೊಟ್ಟು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

ಮೇಡಂ ಈ ಹಾಳೆ ಓದುತ್ತಾರೆ. ಟೀವಿ ನೋಡಿ ಈ ಹುಡುಗಿಗೆ ಇಷ್ಟು ಚೆನ್ನಾಗಿ ತಿಳಿಯಿತು ಎಂದುಕೊಳ್ಳುತ್ತಾರೆ. ಅವಳು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಅದು ಸುಳ್ಳು. ಸರಿಯಾದ ಉತ್ತರ ಸುಳ್ಳಾಗುವುದು ಹೇಗೆ? ಗೌತಮಿಗೆ ಗಂಟು ಬಿದ್ದ ದಾರದ ತುದಿ ಹುಡುಕಿದ ಹಾಗಾಯಿತು. ಹೊರಗೆ ವಿಜಯಮಹಾಂತೇಶ ಕಾಯುತ್ತಿದ್ದ. ಅವನಿಗೆ ಮುಂದೆ ಹೋಗಲು ಹೇಳಿ, ಎಲ್ಲರೂ ಹೋಗುವವರೆಗೆ ಕಾದು ಒಳಗೆ ಬಂದಳು.

"ಮೇಡಂ, ನನ್ನ ಹಾಳಿ ವಾಪಸ್ ಕೊಡ್ತೀರೇನ್ರಿ?"

ಏನಾದರೂ ಬಿಟ್ಟೆಯಾ ಎಂದು ಶೀಲಾ ಮೇಡಂ ಕೇಳಿದರು.

"ಏನೂ ಬಿಟ್ಟಿಲ್ರಿ. ಎಲ್ಲಾ ಬರೋಬರಿ ಬರದೇನಿ. ಆದ್ರ ಅದು ಟೀವಿ ನೋಡಿ ಬಂದದ್ದಲ್ರಿ."

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ತೌಸಿಫನ ಹೆಸರು ಹೇಳಲಿಲ್ಲ, ಕೇಳಿದ್ದು ತಾನೇ ಎಂದಳು. ಮೇಡಂ ಹೆಸರು ಕೇಳಲೂ ಇಲ್ಲ. ಅವರು ಬೈಯುತ್ತಾರೆಂದು ಗೌತಮಿ ಕಾದಳು. ಅವರು ಅವಳ ಹಾಳೆಯನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟರು. ಇದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ಮೊದಲ ಸಲದ್ದು ಮಾತ್ರ ಇರುತ್ತದೆ ಎಂದರು. ಟೀವಿ ಹೇಗಿದ್ದರೂ ನಾಳೆ ಇಳಕಲ್ಲಿನ ಒಂದು ಶಾಲೆಗೆ ಹೋಗುತ್ತದೆ, ಅದಕ್ಕೂ ಮಾರ್ಕ್ಸಿಗೂ ಸಂಬಂಧವೇ ಇಲ್ಲ ಎಂದೂ ಹೇಳಿದರು.

ಸರಿ ಬರೆದದ್ದನ್ನು ಬಿಟ್ಟು ತಪ್ಪು ಬರೆದದ್ದನ್ನು ಇಟ್ಟುಕೊಳ್ಳುತ್ತಾರೆ. ಗೌತಮಿಯ ಕಣ್ಣು ತುಂಬಿತು.

"ಅವತ್ತ ತಿಳದದ ಅಂತ ನಗೂ ಮುಖಕ್ಕ ಸುತ್ತು ಹಾಕಿದ್ದೆ. ಅದೂ ಸುಳ್ಳೇನ್ರಿ? ನೋಡೂಮುಂದ ಖರೇನ ತಿಳದಿತ್ತು."

ಮೇಡಂ ಲ್ಯಾಪ್‌ಟಾಪ್ ತೆರೆದರು. ಅವತ್ತು ಮೂಲೆಯಲ್ಲಿದ್ದ ಸಣ್ಣ ಕ್ಯಾಮೆರಾ, ಮಕ್ಕಳು ಟೀವಿ ನೋಡುವುದನ್ನೇ ಹಿಡಿದಿತ್ತು. ಎಲ್ಲರ ಮುಖದ ಮೇಲೂ ಟೀವಿಯ ಬೆಳಕು. ಮೊದಲ ಸಾಲಿನಲ್ಲಿ ಗೌತಮಿ. ಆ ಅಕ್ಕ ಹೇಳುವ ಒಂದೊಂದು ಮಾತಿಗೂ ಹೂಂ ಹೂಂ ಎಂದು ತಲೆ ಆಡಿಸುತ್ತಿದ್ದಳು.

"ಸುಳ್ಳು ಹೆಂಗಾಗ್ತದವಾ? ನೋಡು, ಎಲ್ಲಾರೂ ಹಿಂಗ ತಲಿ ಆಡಿಸೀರಿ. ಬರೋಬರಿ ಬರದಾವ್ರು ಭಾಳ ಕಡಿಮಿ. ಯಾಕ ಹಿಂಗಾತು ಅನ್ನೂದು ನಂಗೂ ಗೊತ್ತಿಲ್ಲ. ಗೊತ್ತಿದ್ರ ಇಲ್ಲಿತನಾ ಯಾಕ ಬರ್ತಿದ್ದೆ?"

ಗೌತಮಿ ಅವರ ಮುಖವನ್ನೇ ನೋಡಿದಳು. ಕಾಲೇಜಿನಲ್ಲಿ ಕಲಿಸುವವರು, ಕನ್ನಡಕ ಹಾಕಿಕೊಂಡವರು, ಗೊತ್ತಿಲ್ಲ ಎನ್ನುತ್ತಿದ್ದಾರೆ. ಹೇಳುವಾಗ ಅವರಿಗೆ ನಾಚಿಕೆಯೂ ಆಗಲಿಲ್ಲ.

ಹೇಗೆ ತಿಳಿಯಿತೋ ತನಗೂ ತೋರಿಸು ಎಂದು ಮೇಡಂ ಎದ್ದರು. ಗೌತಮಿ ಹಳೆಯ ಪೇಪರನ್ನು ಮುದ್ದೆಮಾಡಿ ಉಂಡೆ ಕಟ್ಟಿದಳು. ಇಬ್ಬರೂ ಪಡಸಾಲೆಯ ಮುಂದಿನ ಬಿಸಿಲಿಗೆ ಬಂದರು. ಅವಳು ಕೈ ಚಾಚಿ ಉಂಡೆ ಹಿಡಿದು ತಿರುಗುತ್ತ ಹೋದಳು. ಕುಡುಗೋಲು, ಅರ್ಧ, ಮುಕ್ಕಾಲು. ಇನ್ನು ಹುಣ್ಣಿಮೆ ಎಂದು ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ಉಂಡೆ ಪೂರ್ತಿ ಕಪ್ಪಾಯಿತು. ಅವಳ ತಲೆಯ ನೆರಳೇ ಅದರ ಮೇಲೆ ಬಿದ್ದಿತ್ತು.

ಗೌತಮಿ ಗಲಿಬಿಲಿಗೊಂಡಳು. ಕೈ ಮೇಲೆತ್ತಿದರೆ ಉಂಡೆ ಬೆಳಗುತ್ತದೆ. ಇಳಿಸಿದರೆ ಕಪ್ಪು. ಮತ್ತೆ ಮತ್ತೆ ಮಾಡಿ ನೋಡಿದಳು. ಮೇಡಂ ಹೇಳಿಕೊಡಲು ಹೋಗಲಿಲ್ಲ.

"ಮೇಡಂ, ಆ ವಿಡಿಯೋ ಇನ್ನೊಮ್ಮೆ ಹಚ್ಚತೀರೇನ್ರಿ?"

ಖಾಲಿ ತರಗತಿಯಲ್ಲಿ ಟೀವಿ ಹತ್ತಿತು. ಅದೇ ಮ್ಯೂಸಿಕ್, ಅದೇ ಸಿಹಿ ದನಿ. ಸೂರ್ಯ, ಭೂಮಿ, ತಿರುಗುವ ಚಂದ್ರ. ಗೌತಮಿ ಈ ಸಲ ತಲೆ ಆಡಿಸಲಿಲ್ಲ. ಕುರ್ಚಿಯ ತುದಿಗೆ ಬಂದು ಕುಳಿತಿದ್ದಳು. ಚಂದ್ರ ಭೂಮಿಯ ಹಿಂದೆ ಬರುತ್ತಿದ್ದಂತೆ ಎದ್ದು ನಿಂತಳು.

"ಇಲ್ಲೇ ನಿಲ್ಲಸ್ರಿ."

ಮೇಡಂ ಬಟನ್ ಒತ್ತಿದರು. ದನಿ ಅರ್ಧಕ್ಕೇ ನಿಂತಿತು. ಗೌತಮಿ ಟೀವಿಯ ಹತ್ತಿರ ಹೋಗಿ ಭೂಮಿ ಮತ್ತು ಚಂದ್ರನ ನಡುವಿನ ಜಾಗಕ್ಕೆ ಬೆರಳಿಟ್ಟಳು.

"ಇಲ್ಲಿ ಭೂಮಿ ನೆರಳು ಬೀಳಬೇಕಲ್ರಿ, ಯಾಕ ಬಿದ್ದಿಲ್ಲ? ಇದು ನಂಗ ತಿಳೀಲಿಲ್ಲ."

ಮೇಡಂ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡರು. ಇನ್ನೊಂದನ್ನು ಅವಳಿಗಾಗಿ ಪಕ್ಕಕ್ಕೆ ಸರಿಸಿದರು. ಗೌತಮಿ ಕೂರಲಿಲ್ಲ. ನಿಂತುಹೋದ ಚಿತ್ರದ ಮೇಲೆ ಬೆರಳನ್ನು ಹಾಗೆಯೇ ಇಟ್ಟುಕೊಂಡು, ಎಲ್ಲಿಂದ ನೆರಳು ಹೊರಡಬೇಕು, ಎಲ್ಲಿಗೆ ಹೋಗಬೇಕು ಎಂದು ನಿಧಾನವಾಗಿ ಗೆರೆ ಎಳೆಯತೊಡಗಿದಳು.