ಜೊತೆಗೆ ಕೂರದೆ ಕೊಟ್ಟ ರಾಗ

"ಐದು ಹಾಡು ನೀನು ನೆಮ್ಮದಿಯಾಗಿ ಕೇಳು. ಆರನೆಯದು ಬರೋವಾಗ ನಾನು ಕಿವಿಗೆ ಮೇಣ ಇಟ್ಕೊಂಡು ನಿನ್ನ ಪಕ್ಕ ಕೂರ್ತೀನಿ. ಮೂರನೇ ಸುತ್ತಿಗೆ ಮುಂಚೆ ನಿಲ್ಲಿಸಿಬಿಡ್ತೀನಿ. ಆಮೇಲೆ ಜಗಳ ಆಡಬೇಡ" ಎಂದಳು ಗುನ್‌ವೋರ್ ಮುದುಕಿ.

ಓಸ್ಮುಂಡ್ ನಕ್ಕುಬಿಟ್ಟ. "ಅಜ್ಜಿ, ನಾನು ಇಪ್ಪತ್ತೈದು ವರ್ಷದಿಂದ ಇಂಥದ್ದನ್ನೇ ಕೇಳ್ತಾ ಬಂದಿದೀನಿ. ಸೈತಾನನ ಹೆಸರು ಹೇಳದ ತಂಡಾನೇ ಇಲ್ಲ ನಮ್ಮಲ್ಲಿ. ಒಂದು ದಿನ ನೆಗಡಿ ಕೂಡ ಆಗಿಲ್ಲ ನನಗೆ."

"ಹೆಸರು ಕೂಗೋರ ಹತ್ತಿರಕ್ಕೆ ಅವನು ಬರೋದಿಲ್ಲ ಮಗಾ" ಎಂದು ಮುದುಕಿ ಒಲೆಗೆ ಇನ್ನೊಂದು ಕೊರಡು ನೂಕಿದಳು.

ಡಿಸೆಂಬರಿನ ಮಧ್ಯಾಹ್ನ, ಗಂಟೆ ಎರಡು. ಹೋವ್‌ದಾಲ್ ಕಣಿವೆಯ ಗುಡ್ಡಗಳು ಆಗಲೇ ಸೂರ್ಯನನ್ನು ನುಂಗಿ ಕೂತಿದ್ದವು. ಅಡುಗೆಮನೆಯ ತುಂಬ ಬರ್ಚ್ ಸೌದೆಯ ಹೊಗೆ, ಒದ್ದೆ ಉಣ್ಣೆಯ ವಾಸನೆ, ಕುದಿದು ಕುದಿದು ಕಪ್ಪಾದ ಕಾಫಿಯ ವಾಸನೆ. ಮೇಜಿನ ಮೇಲೆ ಒಂದು ಹಳೆಯ ಟೇಪ್ ರೆಕಾರ್ಡರ್, ಅದರ ಪಕ್ಕದಲ್ಲಿ ಹೆಸರಿಲ್ಲದ ಒಂದು ಕ್ಯಾಸೆಟ್. ಮೂವತ್ತು ವರ್ಷದ ಹಿಂದೆ ಗುನ್‌ವೋರಳ ಅಣ್ಣ ತಾರಾಲ್ಡ್ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ದನದ ಕೊಟ್ಟಿಗೆಯಲ್ಲಿ ಕೂತು ಮಾಡಿದ ಆಲ್ಬಂ ಅದು. ತಂಡದ ಹೆಸರು ಕ್ವೆರ್ನ್‌ಹುಸ್, ಗಿರಣಿಮನೆ. ಅದನ್ನು ಕೇಳಲು ಓಸ್ಮುಂಡ್ ಬೆರ್ಗೆನ್ ನಗರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಅದಕ್ಕೆ ಮುಂಚೆ ನಾಲ್ಕು ಪತ್ರ ಬರೆದಿದ್ದ.

ಆ ಕಣಿವೆಯಲ್ಲಿ ಕೆಲವು ಪಿಟೀಲಿನ ಮಟ್ಟುಗಳಿವೆ. ಅವನ್ನು ನುಡಿಸುವವನು ಒಬ್ಬನೇ ಕೂತು ನುಡಿಸುವುದಿಲ್ಲ. ಕಿವಿ ಮುಚ್ಚಿಕೊಂಡ ಇನ್ನೊಬ್ಬರು ಪಕ್ಕದಲ್ಲಿರಬೇಕು. ನುಡಿಸುವವನ ಕಣ್ಣಿನ ಕಳೆ ಬದಲಾದ ಕೂಡಲೇ ಪಿಟೀಲನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕು, ಏಕೆಂದರೆ ತಾನಾಗಿ ನಿಲ್ಲಿಸುವ ಶಕ್ತಿ ಅವನಿಗೆ ಇರುವುದಿಲ್ಲ. ಗುನ್‌ವೋರ್ ಹತ್ತು ವರ್ಷದವಳಿದ್ದಾಗಿನಿಂದ ಅಣ್ಣನ ಪಕ್ಕ ಹಾಗೆ ಕೂತವಳು.

"ರೆಕಾರ್ಡ್ ಮಾಡಿದ ದಿನ ಕೂಡ ನಾನೇ ಕೂತಿದ್ದೆ" ಎಂದಳು. "ಆದರೆ ಆಮೇಲೆ ಅವನು ಅದರ ನಕಲು ಮಾಡಿ ಹನ್ನೆರಡು ಜನಕ್ಕೆ ಅಂಚೇಲಿ ಕಳಿಸಿದ. ಚೆನ್ನಾಗಿದೆ, ಕೇಳಿ ಅಂತ ಬರೆದು ಕಳಿಸಿದ. ಅವರ ಪಕ್ಕ ಯಾರು ಕೂರ್ತಾರೆ? ಹತ್ತು ದಿನಕ್ಕೆ ನನ್ನ ಅಣ್ಣನ ಬೆರಳಲ್ಲಿ ಮೂಳೆ ಕಾಣ್ತಿತ್ತು. ಮನೆಮನೆಗೂ ಹೋಗಿ ವಾಪಸ್ ತಂದು ಸುಟ್ಟೆ. ಅಷ್ಟರಲ್ಲಿ ಅವನು ಇರಲಿಲ್ಲ."

"ಇದೊಂದು ಯಾಕೆ ಉಳಿಸಿದ್ರಿ?"

"ಅವನ ಕೆಮ್ಮು ಇದೆ ಅದರಲ್ಲಿ. ಮೂರನೇ ಹಾಡು ಮುಗಿದ ಮೇಲೆ."

ಕ್ಯಾಸೆಟ್ ತಿರುಗಿತು. ಮೊದಲ ಹಾಡಿನಲ್ಲೇ ಓಸ್ಮುಂಡನ ಬೆನ್ನು ನೆಟ್ಟಗಾಯಿತು. ಮಂಜಿನ ಹಿಂದಿನಿಂದ ಬರುವಂಥ ಗಿಟಾರ್, ಶವಯಾತ್ರೆಯಷ್ಟು ನಿಧಾನದ ಡ್ರಮ್. ಬ್ಲ್ಯಾಕ್ ಮೆಟಲ್ ಎಂಬ ಉಗ್ರ ಸಂಗೀತದ ಚೀತ್ಕಾರ ಡೂಮ್ ಮೆಟಲ್ಲಿನ ನಿಧಾನ ಭಾರದೊಳಗೆ ಮುಳುಗಿ ಮತ್ತೆ ತಲೆ ಎತ್ತುತ್ತಿತ್ತು. ಆರನೆಯದರಲ್ಲಿ ಪಿಟೀಲು ಬಂತು. ಕಮಾನು ತಾಗದ ಕೆಳಗಿನ ತಂತಿಗಳು ತಾವಾಗಿ ಗುಂಯ್‌ಗುಟ್ಟುತ್ತಿದ್ದವು. ಒಂದು ಸುತ್ತು. ಎರಡು ಸುತ್ತು. ಆ ಝೇಂಕಾರ ಏರಿ ಏರಿ, ಇನ್ನೇನು ಬಾಗಿಲು ತೆರೆಯಬೇಕು ಅನ್ನುವಷ್ಟರಲ್ಲಿ, ಟೇಪಿನ ಅಂಕಿಯನ್ನೇ ನೋಡುತ್ತ ಕೂತಿದ್ದ ಮುದುಕಿ ಟಕ್ ಎಂದು ಗುಂಡಿ ಒತ್ತಿದಳು.

ಬಾಯಿಗೆ ಬಂದ ತುತ್ತನ್ನು ಕಸಿದಂತಾಯಿತು ಅವನಿಗೆ. ಅವನ ಇಡೀ ಬದುಕೇ ಹಾಗಿತ್ತು.

ನೆಲಮಾಳಿಗೆಯ ರೆಕಾರ್ಡ್ ಅಂಗಡಿಯೊಂದರಲ್ಲಿ ಅವನ ಕೆಲಸ. ಹನ್ನೆರಡು ವರ್ಷದಿಂದ ಪ್ರತಿ ತಿಂಗಳು ಮುನ್ನೂರು ಓದುಗರಿಗೆ ಒಂದು ಇ-ಮೇಲ್ ಪತ್ರ ಕಳಿಸುತ್ತಿದ್ದ. ಯಾರೂ ಕೇಳಿರದ ಆಲ್ಬಂಗಳು, ಯಾವುದನ್ನು ಯಾವ ಹೊತ್ತಿನಲ್ಲಿ ಕೇಳಬೇಕು, ಎಲ್ಲಿ ತಾಳ್ಮೆ ಬೇಕು ಎಂದೆಲ್ಲ ಅಕ್ಕರೆಯಿಂದ ಬರೆಯುತ್ತಿದ್ದ. ತೆರೆದು ಓದುವವರು ನಲವತ್ತು ಜನ. ಆ ನಲವತ್ತರಲ್ಲಿ ಫ್ರೋಡೆ ಒಬ್ಬ. ಓಸ್ಮುಂಡ್ ಧೂಳು ಕುಡಿದು ಹುಡುಕಿದ್ದನ್ನೆಲ್ಲ ಫ್ರೋಡೆ ಎರಡೇ ವಾರಕ್ಕೆ ತನ್ನ ಜಾಲಪುಟದಲ್ಲಿ 'ನನ್ನ ಹೊಸ ಶೋಧ' ಎಂದು ಹಾಕುತ್ತಿದ್ದ. ನಲವತ್ತು ಸಾವಿರ ಜನ ಭೇಷ್ ಅನ್ನುತ್ತಿದ್ದರು. ಅಂಗಡಿಗೆ ಬಂದವರು ಓಸ್ಮುಂಡನನ್ನೇ ಕೇಳುತ್ತಿದ್ದರು: "ಫ್ರೋಡೆ ಹೇಳಿದ ಆಲ್ಬಂ ಇದೆಯಾ ಅಣ್ಣ? ನಿಮಗೆ ಗೊತ್ತಿರಲಿಕ್ಕಿಲ್ಲ, ಹೊಸದು."

ಮುದುಕಿಗೆ ಮೂರು ಗಂಟೆಗೆ ಪ್ರಾರ್ಥನಾಮನೆಗೆ ಹೋಗಬೇಕಿತ್ತು. "ಬಸ್ಸು ಐದಕ್ಕೆ. ಅಲ್ಲೀತನಕ ಬೆಚ್ಚಗೆ ಕೂತಿರು. ಕಂದು ಚೀಸ್ ಇದೆ, ಸಂಕೋಚ ಬೇಡ" ಎಂದು ಶಾಲು ಹೊದ್ದು ಹೊರಟಳು. ಕ್ಯಾಸೆಟ್ಟನ್ನು ಬಚ್ಚಿಡಬೇಕೆಂದು ಅವಳಿಗೆ ತೋಚಲೇ ಇಲ್ಲ. ಪರರ ಮನೆಯಲ್ಲಿ ಉಂಡವನು ಕದಿಯುತ್ತಾನೆ ಎಂದು ಆ ಕಣಿವೆಯಲ್ಲಿ ಯಾರೂ ಯೋಚಿಸುವುದಿಲ್ಲ.

ಹೆಜ್ಜೆಯ ಸದ್ದು ಹಿಮದಲ್ಲಿ ಕರಗಿದ ಮೇಲೆ ಓಸ್ಮುಂಡ್ ಚೀಲದಿಂದ ವೈರು ತೆಗೆದು ಟೇಪ್ ರೆಕಾರ್ಡರನ್ನು ತನ್ನ ಫೋನಿಗೆ ಸೇರಿಸಿದ. ದನಿ ಪೂರ್ತಿ ತಗ್ಗಿಸಿ ಆರೂ ಹಾಡುಗಳನ್ನು ನಕಲು ಮಾಡಿಕೊಂಡ.

ಮನೆಗೆ ಬಂದು ಮೂರನೆಯ ಸುತ್ತನ್ನೂ ಕೇಳಿದ. ಏನೂ ಆಗಲಿಲ್ಲ. ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು, ಅಷ್ಟೇ. 'ಪಾಪ, ಮುದುಕಿ' ಅಂದುಕೊಂಡ. ಯಾರೂ ಕೊಡದೆ ತಾನೇ ಕದ್ದದ್ದರಿಂದ ಏನೂ ಆಗಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಶುಕ್ರವಾರ ಆ ತಿಂಗಳ ಪತ್ರದಲ್ಲಿ ಆಲ್ಬಮ್ಮಿನ ಕೊಂಡಿ ಹಾಕಿ ಹೀಗೆ ಬರೆದ: 'ಹನ್ನೆರಡು ವರ್ಷದಲ್ಲಿ ನಾನು ನಿಮಗೆ ಕೊಟ್ಟ ಅತಿ ದೊಡ್ಡ ಆಲ್ಬಂ. ದೀಪ ಆರಿಸಿ, ಒಬ್ಬರೇ ಕೇಳಿ.'

ಮರುದಿನ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಕೊಡುವಾಗ ಅವನ ಎಡಗೈ ಭುಜದ ಎತ್ತರಕ್ಕೆ ಎದ್ದಿತು. ಬಲಗೈ ಗಾಳಿಯಲ್ಲಿ ಅಡ್ಡಡ್ಡಲಾಗಿ ಎಳೆಯತೊಡಗಿತು. ನಾಣ್ಯಗಳು ಚೆಲ್ಲಿದವು.

"ಏನಣ್ಣ, ಬೆಳಿಗ್ಗೆನೇ ಹಾಕ್ಕೊಂಡು ಬಂದಿದೀಯಾ?" ಎಂದು ಗಿರಾಕಿ ನಕ್ಕ.

ಕೈ ಕೆಳಗಿಳಿಸಲು ನೋಡಿದ. ಇಳಿಯಲಿಲ್ಲ. ಮೂಗಿಗೆ ಹಸಿ ಬೀಸುಕಲ್ಲಿನ ವಾಸನೆ, ಹುಳಿಹಿಡಿದ ಹಿಟ್ಟಿನ ವಾಸನೆ. ಕಿವಿಯಲ್ಲಿ ಏನೂ ಇಲ್ಲ. ಎಲುಬಿನೊಳಗೆ ಮಾತ್ರ ಆ ಝೇಂಕಾರ. ಹದಿನಾಲ್ಕು ನಿಮಿಷ. ಆರನೆಯ ಹಾಡು ಇರುವುದೂ ಅಷ್ಟೇ ಹೊತ್ತು. ನಿಂತಾಗ ಎಡಗೈಯ ನಾಲ್ಕು ಬೆರಳ ತುದಿಯಲ್ಲೂ ತಂತಿ ಕೊರೆದ ಗೆರೆ ಬಿದ್ದು ರಕ್ತ ಜಿನುಗುತ್ತಿತ್ತು. ಅಲ್ಲಿ ತಂತಿಯೇ ಇರಲಿಲ್ಲ.

ಸಂಜೆಯೊಳಗೆ ಇನ್ನೂ ನಾಲ್ಕು ಸಲ. ಭಾನುವಾರ ಮೂರು ಸಲ. ಸೋಮವಾರ ಒಂದು ಸಲ. ಬ್ಯಾಂಡೇಜಿನ ಮೇಲೆ ಬ್ಯಾಂಡೇಜು ಸುತ್ತಿಕೊಂಡು, ಹೆಬ್ಬೆರಳಿನಿಂದ ಒತ್ತಿ ಗುನ್‌ವೋರಳಿಗೆ ಫೋನ್ ಮಾಡಿದ.

ತನ್ನ ಬೆರಳುಗಳ ಅವಸ್ಥೆ ಹೇಳಿದ.

"ಕದ್ದೆಯಾ?"

"ಹೌದು ಅಜ್ಜಿ."

"ಎಷ್ಟು ಜನಕ್ಕೆ ಕೊಟ್ಟೆ?"

ಓಸ್ಮುಂಡ್ ಪತ್ರದ ಲೆಕ್ಕ ನೋಡಿದ. "ಕಳಿಸಿದ್ದು ಮುನ್ನೂರು ಜನಕ್ಕೆ. ಕೇಳಿದವರು... ಒಂಬತ್ತು."

"ಬಾಕಿಯವರದನ್ನ ಈಗಲೇ ಅಳಿಸು. ಯಾರೂ ತಿರುಗಿ ಕೇಳದ ಹಾಗೆ ನೋಡ್ಕೋ. ಪಕ್ಕದಲ್ಲಿ ಕೂತು ಕೇಳಿಸಿದರೆ ಅದು ಬರೀ ರಾಗ ಮಗಾ. ಕೂರದೆ ಕೊಟ್ಟರೆ, ಯಾರ ಮಾತು ನಂಬಿ ಜನ ಅದನ್ನ ಕೇಳ್ತಾರೋ ಅವರು ಕೇಳಿದಾಗಲೆಲ್ಲ ಅವನ ಕೈಯೇ ನುಡಿಸಬೇಕು. ದೇವರು ದೊಡ್ಡವನು. ನಿನ್ನ ಮಾತಿಗೆ ಬೆಲೆ ಇಲ್ಲದೆ ಇದ್ದದ್ದೇ ನಿನ್ನನ್ನ ಉಳಿಸ್ತು."

ಜೀವ ಉಳಿದ ಹೊತ್ತಿನಲ್ಲೂ ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಕೊಂಡಿ ಅಳಿಸಿದ. ಒಂಬತ್ತು ಜನಕ್ಕೂ ಬರೆದು ಅಂಗಲಾಚಿದ. ಎಂಟು ಜನ ಅಳಿಸಿದೆವು ಎಂದರು. ಒಬ್ಬ ಉತ್ತರ ಕೊಡಲಿಲ್ಲ. ಆದರೂ ಮಂಗಳವಾರ ಕೈ ಸುಮ್ಮನಿತ್ತು. ಬುಧವಾರವೂ ಸುಮ್ಮನಿತ್ತು. ನೋಯುವ ಬೆರಳುಗಳಲ್ಲಿ ಕಾಫಿ ಲೋಟ ಹಿಡಿದು ಅವನು ಚಿಕ್ಕಂದಿನಲ್ಲಿ ಬಿಟ್ಟಿದ್ದ ಪ್ರಾರ್ಥನೆಯೊಂದನ್ನು ನೆನಪು ಮಾಡಿಕೊಂಡ.

ಗುರುವಾರ ಮಧ್ಯಾಹ್ನ ಅಂಗಡಿಗೆ ಬಂದ ಹುಡುಗಿಯೊಬ್ಬಳು ಕೇಳಿದಳು: "ಫ್ರೋಡೆ ಬೆಳಿಗ್ಗೆ ಹಾಕಿದ್ದಾನಲ್ಲ, ಗಿರಣಿಮನೆ ಅಂತ, ಅದರ ಕ್ಯಾಸೆಟ್ ಸಿಗುತ್ತಾ? ಅವನೇ ಯಾವುದೋ ಕಣಿವೆಗೆ ಹೋಗಿ ಹುಡುಕಿ ತಂದನಂತೆ."

ಓಸ್ಮುಂಡ್ ಫ್ರೋಡೆಯ ಪುಟ ತೆರೆದು ನೋಡಿದ. ಬೆಳಗಿನಿಂದ ಆರು ಸಾವಿರ ಜನ ಕೇಳಿದ್ದರು. ಅಂಕಿ ಅವನ ಕಣ್ಣೆದುರಿಗೇ ಏರುತ್ತಿತ್ತು.

ಫ್ರೋಡೆಯ ಮನೆ ಗುಡ್ಡದ ಮೇಲಿತ್ತು. ಹಿಮಬೆರೆತ ಮಳೆಯಲ್ಲಿ ಓಸ್ಮುಂಡ್ ಮೆಟ್ಟಿಲು ಹತ್ತಿದ. ಎಚ್ಚರಿಸಲು ಹೊರಟನೋ, ಅವನ ಅವಸ್ಥೆ ಕಣ್ಣಾರೆ ನೋಡಲು ಹೊರಟನೋ, ಅವನಿಗೇ ತಿಳಿಯಲಿಲ್ಲ. ಮೂರೂವರೆಗೆಲ್ಲ ಬೆಳಕು ಸತ್ತಿತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದೊಡನೆ ಹುಳಿಹಿಟ್ಟಿನ ವಾಸನೆ ಮುಖಕ್ಕೆ ರಾಚಿತು. ಅದರ ಜೊತೆಗೆ ರಕ್ತದ್ದು.

ಕತ್ತಲೆಯಲ್ಲಿ ಕುರ್ಚಿಯ ಮೇಲೆ ಫ್ರೋಡೆ ಕೂತಿದ್ದ. ಎಡಗೈ ಭುಜಕ್ಕೆ. ಬಲಗೈ ಎಳೆಯುತ್ತಿತ್ತು. ಎಳೆಯುತ್ತಿತ್ತು.

"ಯಾರು? ಓಸ್ಮುಂಡಾ? ಬಾರೋ. ನಿಲ್ತಾ ಇಲ್ಲ ಕಣೋ ಇದು. ಬೆಳಿಗ್ಗೆಯಿಂದ ನಿಂತೇ ಇಲ್ಲ."

"ಪುಟದಿಂದ ತೆಗೆ."

"ಮೂಗಲ್ಲಿ ಒತ್ತಿ ಈಗ ತಾನೇ ತೆಗೆದೆ. ಜನ ಇಳಿಸ್ಕೊಂಡುಬಿಟ್ಟಿದಾರೆ. ಹಂಚ್ತಾ ಇದಾರೆ." ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ಹಿಡ್ಕೋ ಮಾರಾಯ, ಕೈ ಹಿಡ್ಕೋ."

ಓಸ್ಮುಂಡ್ ಎರಡೂ ಕೈಯಲ್ಲಿ ಅವನ ತೋಳು ಹಿಡಿದ. ನೀರಿಗೆ ತಿರುಗುವ ಗಿರಣಿಯ ತೊಲೆ ಹಿಡಿದಂತಾಯಿತು. ತೋಳು ಅವನನ್ನೂ ಎಳೆದುಕೊಂಡೇ ಹೋಗಿ ಬಂತು. ಬೆರಳ ತುದಿಗಳಲ್ಲಿ ಬೆಳ್ಳಗೆ ಏನೋ ಕಂಡಿತು. ಕಿತ್ತುಕೊಳ್ಳೋಣವೆಂದರೆ ಅಲ್ಲಿ ಪಿಟೀಲೇ ಇಲ್ಲ.

ಅವನ ಸಿಟ್ಟೆಲ್ಲ ಇಳಿದುಹೋಯಿತು. ನೆಲದ ಮೇಲೆ ಕೂತು, ಮುದುಕಿ ಹೇಳಿದ್ದನ್ನೆಲ್ಲ ಹೇಳಿದ. ಪಕ್ಕ ಕೂರದೆ ಕೊಟ್ಟರೆ ಹೀಗಾಗುತ್ತದಂತೆ. ಯಾರ ಮಾತು ನಂಬಿ ಜನ ಕೇಳುತ್ತಾರೋ ಅವನ ಕೈಗೆ ಬರುತ್ತದಂತೆ.

ಫ್ರೋಡೆಯ ಕೈ ಇನ್ನೂ ಎಳೆಯುತ್ತಿತ್ತು.

"ಯಾರ ಮಾತು ನಂಬಿ, ಅಂದೆಯಾ?"

"ಹೌದು."

ಮೇಜಿನ ಮೇಲಿದ್ದ ಫೋನಿನತ್ತ ಫ್ರೋಡೆ ಮುಖ ಬಾಗಿಸಿದ. ಅದು ಮಾತು ಕೇಳಿ ಬರೆದುಕೊಳ್ಳುವ ಫೋನು. ನಿಧಾನವಾಗಿ, ಬಿಡಿಬಿಡಿಸಿ ಹೇಳತೊಡಗಿದ.

"ಓದುಗರೇ. ನಾನು ಸುಳ್ಳು ಹೇಳಿದೆ. ಈ ಆಲ್ಬಂ ಹುಡುಕಿದವನು ನಾನಲ್ಲ."

ಓಸ್ಮುಂಡ್ ತಲೆ ಎತ್ತಿದ.

"ಹುಡುಕಿದವನು ನಮ್ಮೂರಿನ ಓಸ್ಮುಂಡ್ ಹೆಗ್ಲಾನ್. ಹನ್ನೆರಡು ವರ್ಷದಿಂದ ನಾನು ನಿಮಗೆ ಕೊಟ್ಟದ್ದೆಲ್ಲ ಅವನು ಹುಡುಕಿದ್ದೇ. ನಾನು ಕದ್ದೆ."

ಮೇಜು ಎರಡೇ ಹೆಜ್ಜೆ ದೂರದಲ್ಲಿತ್ತು. ಕೈ ಚಾಚಿದರೆ ಫೋನು ಸಿಗುತ್ತಿತ್ತು. ಕಿಟಕಿಗೆ ಎಸೆಯಬಹುದಿತ್ತು. ಓಸ್ಮುಂಡ್ ಎದ್ದು ನಿಂತ. ನಿಂತೇ ಇದ್ದ. ಎಷ್ಟು ಇರುಳು ಈ ಮಾತುಗಳನ್ನು ಅವನು ತಾನೇ ಕಟ್ಟಿಕೊಂಡು, ತಾನೇ ಫ್ರೋಡೆಯ ಬಾಯಲ್ಲಿಟ್ಟು ಕೇಳಿರಲಿಲ್ಲ. ಈಗ ಅವು ಒಂದೊಂದಾಗಿ, ಅಕ್ಷರ ತಪ್ಪದೆ ಬರುತ್ತಿದ್ದವು. ಇನ್ನೊಂದೇ ವಾಕ್ಯ, ಅಂದುಕೊಂಡ. ಅದೊಂದನ್ನು ಕೇಳಿಬಿಡುತ್ತೇನೆ.

"ಇದನ್ನು ಗುರುತಿಸಿದ ಕಿವಿ ಅವನದು. ಇದರ ಕೀರ್ತಿಯೂ ಅವನದೇ. ನನ್ನ ಮಾತು ಬಿಡಿ. ಅವನ ಮಾತು ನಂಬಿ ಕೇಳಿ. ಕಳಿಸು."

ಫೋನು ಸಣ್ಣಗೆ ಸದ್ದು ಮಾಡಿತು.

ಫ್ರೋಡೆಯ ಬಲಗೈ ತೊಡೆಯ ಮೇಲೆ ಬಿತ್ತು. ಎಡಗೈ ಬಿತ್ತು. ಅವನು ಕುರ್ಚಿಯಿಂದ ಜಾರಿ ಮಗುವಿನಂತೆ ಅಳತೊಡಗಿದ.

ಹೊರಗೆ ಮಳೆ. ಮೇಜಿನ ಮೇಲೆ ಫೋನು ಬೆಳಗಿತು. ಆರಿತು. ಬೆಳಗಿತು. ಯಾರೋ ಮೆಚ್ಚಿದರು. ಇನ್ನೊಬ್ಬರು ಮೆಚ್ಚಿದರು. 'ಓಸ್ಮುಂಡ್ ಹೇಳಿದ ಮೇಲೆ ಕೇಳಲೇಬೇಕು' ಎಂದು ಯಾರೋ ಬರೆದರು. ನೂರು. ನಾನೂರು. ಬೆಳಕು ಆರುವುದನ್ನೇ ನಿಲ್ಲಿಸಿತು.

ಓಸ್ಮುಂಡ್ ಬಾಗಿಲ ಕಡೆ ತಿರುಗಿದ. ಚಿಲಕಕ್ಕೆ ಕೈ ಹಾಕಲು ಹೋದ. ಕೈ ಚಿಲಕಕ್ಕೆ ಹೋಗಲಿಲ್ಲ.

ಭುಜಕ್ಕೆ ಹೋಯಿತು.