ಕೆಸಾಡನನ್ನು ಬಿಟ್ಟುಬಿಡು

ವೆಂಡೆಲ್ ಅವಳ ಕೈ ಹಿಡಿದುಕೊಂಡ. ಅಡುಗೆಮನೆಯ ಮೇಜಿನ ಮೇಲೆ, ಖಾಲಿಯಾದ ಚಿಲ್ಲಿ ಸಾರಿನ ಬಟ್ಟಲುಗಳ ನಡುವೆ, ಹಾಡುಹಗಲಲ್ಲೇ ಹಿಡಿದುಕೊಂಡ.

"ಡೊರೀನ್, ತುಂಬ ದಿನದಿಂದ ನಿನಗೊಂದು ಮಾತು ಹೇಳಬೇಕು ಅಂತಿದ್ದೆ."

ಡೊರೀನ್ ಸ್ಕೂಲ್ ಬಸ್ಸು ಓಡಿಸುವ ಹೆಂಗಸು. ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದರೆ ಸಾಕು, ಬಸ್ಸು ತುಂಬ ಮಕ್ಕಳು ಗಪ್‌ಚಿಪ್ ಆಗುತ್ತಿದ್ದರು. ಈಗ ಅದೇ ಕಣ್ಣನ್ನು ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ. ಕಿಟಕಿಯಾಚೆ ನೋಡಿದಳು. ಮಿಸಿಸಿಪ್ಪಿ ನದಿ ಹೆಪ್ಪುಗಟ್ಟಿ ಮಲಗಿತ್ತು. ತಿರುಗಿ ಅವನನ್ನು ನೋಡಿದಳು. ಅವನ ಮೀಸೆಯ ತುದಿಗೆ ದಾಲ್ಚಿನ್ನಿ ಬನ್ನಿನ ಸಕ್ಕರೆ ಅಂಟಿಕೊಂಡಿತ್ತು. ಬೆರಳಿನಿಂದ ಒರೆಸಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

"ಹೇಳು" ಅಂದಳು. ದನಿ ತನ್ನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು.

"ಕೆಸಾಡನನ್ನ ಬಿಟ್ಟುಬಿಡು."

"ಏನು?"

"ಕೆಸಾಡ. ನಿನ್ನ ತಂಡದ ಶಾರ್ಟ್‌ಸ್ಟಾಪು. ಮುಂದಿನ ಸೀಸನ್‌ಗೆ ಅವನನ್ನ ಇಟ್ಕೋಬೇಡ. ಆ ಹುಡುಗ ಉದ್ಧಾರ ಆಗಲ್ಲ."

ಡೊರೀನ್ ಕೈ ಕಿತ್ತುಕೊಂಡಳು.

"ಇಷ್ಟು ಹೇಳೋದಕ್ಕೆ ಕೈ ಯಾಕೋ ಹಿಡ್ಕೊಂಡೆ?"

ವೆಂಡೆಲ್ ತನ್ನ ಕೈಯನ್ನೇ ನೋಡಿಕೊಂಡ, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ. ಕಿವಿಗಳು ಕೆಂಪಾದವು. "ನಂಗೂ ಗೊತ್ತಿಲ್ಲ ಮಾರಾಯ್ತಿ" ಅಂದ. ಟೋಪಿ ಸಿಕ್ಕಿಸಿಕೊಂಡು, ಬಾಗಿಲಿಗೆ ಭುಜ ಬಡಿಸಿಕೊಂಡು ಹೊರಟುಹೋದ.

ಅವನು ತಂದಿದ್ದ ಬನ್ನುಗಳು ಉಳಿದಿದ್ದವು. ಸಿಟ್ಟಿನಲ್ಲಿ ಅವಳು ಅಷ್ಟನ್ನೂ ತಿಂದಳು.

ನದಿ ದಂಡೆಯ ಈ ಮಸ್ಕಟೀನ್ ಊರಿನ ಕೆಲವರು ಚಳಿಗಾಲ ಕಳೆಯುವುದೇ ಹೀಗೆ. ಡೊರೀನಳ ತಮ್ಮ ಕ್ಲೇ ಇಟ್ಟುಕೊಂಡಿರುವ, ಚೆಂಡು ಉರುಳಿಸಿ ಪಿನ್ನು ಬೀಳಿಸುವ ಬೌಲಿಂಗ್ ಆಲಿಯಲ್ಲಿ ಅವರದೊಂದು ಲೀಗ್ ಇದೆ. ಬೇಸ್‌ಬಾಲ್ ಲೀಗ್, ಆದರೆ ಯಾರೂ ಬ್ಯಾಟು ಮುಟ್ಟುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ತಂಡ, ತಂಡವೆಂದರೆ ಬರೀ ಹೆಸರುಗಳು. ದೊಡ್ಡ ಊರುಗಳ ಮೈದಾನಗಳಲ್ಲಿ ನಿಜವಾದ ಆಟಗಾರರು ಹೊಡೆದರೆ, ಓಡಿದರೆ, ಇಲ್ಲಿ ಆ ಹೆಸರು ಇಟ್ಟುಕೊಂಡವರಿಗೆ ಅಂಕ. ಮಾರ್ಚ್ ಮುಗಿಯುವ ಮೊದಲು ಪ್ರತಿಯೊಬ್ಬರೂ ಕೆಲವೇ ಹೆಸರು ಉಳಿಸಿಕೊಂಡು ಮಿಕ್ಕವರನ್ನು ಕೈಬಿಡಬೇಕು, ಇಲ್ಲವೇ ಬೇರೆಯವರ ಜೊತೆ ಅದಲುಬದಲು ಮಾಡಿಕೊಳ್ಳಬೇಕು. ಬೇಡದವರನ್ನು ಉಳಿಸಿಕೊಂಡವರ ಗತಿ ಮುಂದಿನ ಸೀಸನ್ ಪೂರ್ತಿ ನಗೆಪಾಟಲು. ಹುಚ್ಚು ಅನ್ನುವಿರಾ? ಹುಚ್ಚೇ.

ಈ ಹುಚ್ಚರ ಮಧ್ಯೆ ಯಾರೂ ನಿಜ ಹೇಳುವುದಿಲ್ಲ. ಬೇಕಾದ ಆಟಗಾರನನ್ನು ಎಲ್ಲರೆದುರು ಬೈಯುತ್ತಾರೆ. ಅವನ ಮೊಣಕೈ ಹೋಗಿದೆಯಂತೆ, ಅವನಿಗೆ ಕಣ್ಣು ಮಂಜಂತೆ, ಅವನು ಕೋಚ್ ಜೊತೆ ಜಗಳ ಆಡಿದನಂತೆ. ಇಟ್ಟುಕೊಂಡವರು ಹೆದರಿ ಅಗ್ಗಕ್ಕೆ ಕೊಡಲಿ ಎಂದು. ಡೊರೀನಳಿಗೂ ಈ ವಿದ್ಯೆ ಗೊತ್ತು. ಹೀಗೆ ಬೈದು ಬೈದೇ ಒಳ್ಳೊಳ್ಳೆಯ ಆಟಗಾರರನ್ನು ಅವಳೂ ಹೊಡೆದುಕೊಂಡಿದ್ದಳು.

ಹಾಗಾದರೆ ವೆಂಡೆಲನಿಗೆ ಬೇಕಾದದ್ದು ಕೆಸಾಡ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬನ್ನು? ಕೈ? ವೆಂಡೆಲ್ ಹಾರ್ಮ್ಸ್ ಊರಿನವರ ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡುವವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಕೆಟ್ಟೇ ಇರದ ಡೊರೀನಳ ಫರ್ನೇಸನ್ನು ನೋಡಿಹೋಗಲು ಚಳಿಗಾಲವಿಡೀ ಬಂದಿದ್ದ. ನೆಲಮಾಳಿಗೆಗೆ ಹೋಗಿ ಅದನ್ನು ಎರಡು ಸಲ ತಟ್ಟಿ, ಮೇಲೆ ಬಂದು ಕಾಫಿ ಕುಡಿದು, ಅವಳು ಬೇರೆ ಕಡೆ ತಿರುಗಿದಾಗ ಅವಳ ಕಿವಿಯ ಹಿಂದಿನ ಕೂದಲನ್ನು ನೋಡುತ್ತಿದ್ದ. ಅವನು ನೋಡುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಒಮ್ಮೊಮ್ಮೆ ಬೇರೆ ಕಡೆ ತಿರುಗುತ್ತಿದ್ದಳು.

ಒಬ್ಬ ಶಾರ್ಟ್‌ಸ್ಟಾಪ್‌ಗೋಸ್ಕರ ಗಂಡಸು ಇಷ್ಟೆಲ್ಲ ಮಾಡುತ್ತಾನೆಯೇ?

ಮಾಡುತ್ತಾನೆ. ಗಂಡಸರು ಏನೇನು ಮಾಡುತ್ತಾರೆಂದು ಡೊರೀನಳಿಗೆ ಈ ಲೀಗೇ ಕಲಿಸಿತ್ತು. ಆಗ ಅವಳ ಗಂಡನಾಗಿದ್ದ ರಾಯ್ಸ್ ಕೂಡ ಇದರಲ್ಲಿ ಆಡುತ್ತಿದ್ದ. ಒಂದು ಬೇಸಿಗೆಯಲ್ಲಿ ಅವನು ತನ್ನ ಅತಿ ದೊಡ್ಡ ಹೊಡೆತಗಾರನನ್ನು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳಿಗೆ ಕೊಟ್ಟು, ಬದಲಿಗೆ ಭುಜ ಹೋದ, ಚೆಂಡೆಸೆಯುವ ಪಿಚರ್ ಒಬ್ಬನನ್ನು ತೆಗೆದುಕೊಂಡ. ಲೀಗಿಗೆ ಲೀಗೇ ಮೋಸ ಮೋಸ ಎಂದು ಕೂಗಾಡಿತು. ಡೊರೀನ್ ಕೂಗಾಡಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಒಂದೇ ಒಂದು ಸಲವೂ ಆಟಗಾರನನ್ನು ಬಿಟ್ಟುಕೊಟ್ಟವನಲ್ಲ ಆ ರಾಯ್ಸ್. ನಗುನಗುತ್ತಾ ಯಾರಿಗೋ ಹಾಗೆ ಕೊಟ್ಟನೆಂದರೆ ಅರ್ಥ ಒಂದೇ. ಅವತ್ತೇ ಅವನ ಬಟ್ಟೆಗಳನ್ನು ಅಂಗಳಕ್ಕೆ ಎಸೆದಳು.

ಅಂದಿನಿಂದ ಅವಳು ಈ ಆಟ ಆಡುವವರ ಹೃದಯವನ್ನು ನಂಬಿರಲಿಲ್ಲ. ಈಗ ಈ ಕೆಂಪು ಕಿವಿಯವನು ಬಂದು ಎಲ್ಲವನ್ನೂ ಕಲಸಿಬಿಟ್ಟ.

"ಅಯ್ಯೋ ಪೆದ್ದಿ, ಅವನಿಗೆ ಬೇಕಾಗಿರೋದು ನಿನ್ನ ಶಾರ್ಟ್‌ಸ್ಟಾಪ್ ಕಣೇ" ಅಂದ ಕ್ಲೇ, ಆಲಿಯ ಬಾಡಿಗೆ ಬೂಟುಗಳಿಗೆ ಪೌಡರ್ ಚಿಮುಕಿಸುತ್ತಾ.

"ಮತ್ತೆ ಬನ್ನು ಯಾಕೆ ತಂದ? ಬೆಳಗ್ಗೆ ಎದ್ದು ತಾನೇ ಮಾಡಿದ್ದಂತೆ."

"ಗಾಳ ಹಾಕೋನು ಹುಳ ಸಿಕ್ಕಿಸ್ದೆ ಹಾಕ್ತಾನಾ, ಡೋರಿ?"

"ನನ್ನನ್ನ ಮೀನು ಅಂತೀಯಾ?"

"ದೊಡ್ಡ ಮೀನು. ಬಾಯಿ ಅಂತೂ ತೆಗೆದೇ ಇದೆ."

ಡೊರೀನ್ ಒಂದು ಬೂಟು ಎತ್ತಿ ಅವನ ಮೇಲೆ ಎಸೆದಳು. ಗುರಿ ತಪ್ಪಲಿಲ್ಲ.

ಮನೆಗೆ ಹೋಗಿ ಕೆಸಾಡನ ವಿಡಿಯೋಗಳನ್ನು ಹಾಕಿಕೊಂಡು ಕೂತಳು. ಡೊಮಿನಿಕನ್ ದೇಶದ ಕಡೆಯ ಹುಡುಗ, ಹೋದ ಬೇಸಿಗೆಯ ಕೊನೆಗೆ ಕೆಳದರ್ಜೆಯ ತಂಡದಿಂದ ದೊಡ್ಡವರ ಜೊತೆ ಆಡಲು ಬಂದಿದ್ದ. ಎರಡನೇ ಬೇಸ್‌ಗೂ ಮೂರನೇ ಬೇಸ್‌ಗೂ ನಡುವೆ ನಿಂತು, ನೆಲ ಕೆರೆದುಕೊಂಡು ಬರುವ ಚೆಂಡನ್ನು ಬಾಚಿ, ಗಾಳಿಯಲ್ಲೇ ತಿರುಗಿ ಎಸೆಯುತ್ತಿದ್ದ. ನೋಡಲು ಹಬ್ಬ. ಆದರೆ ಹಬ್ಬಕ್ಕೆ ಲೀಗಿನಲ್ಲಿ ಅಂಕವಿಲ್ಲ. ಬ್ಯಾಟು ಹಿಡಿದರೆ? ವೇಗದ ಚೆಂಡು ಬಂದರೆ ಗೋಡೆಯಾಚೆ. ಕೆಳಗೆ, ಹೊರಗೆ ಜಾರಿಹೋಗುವ ನಿಧಾನದ ಚೆಂಡು ಬಂದರೆ, ಕಟ್ಟು ಬಿಚ್ಚಿದ ಕರುವಿನಂತೆ ಅದರ ಹಿಂದೆ ಓಡುತ್ತಿದ್ದ. ಬೀಸಿ ಬೀಸಿ ಔಟು.

ಆದರೆ ಸೆಪ್ಟೆಂಬರಿನ ಕೊನೆಯ ಆಟಗಳಲ್ಲಿ ಬೇರೆ ಏನೋ ಇತ್ತು. ಅದೇ ಚೆಂಡನ್ನು ಅವನು ಒಮ್ಮೊಮ್ಮೆ ಸುಮ್ಮನೆ ಬಿಡುತ್ತಿದ್ದ. ಬಿಟ್ಟ ಮೇಲೆ ತನಗೇ ಆಶ್ಚರ್ಯವಾದಂತೆ ನಗುತ್ತಿದ್ದ.

ಕಲಿತನೋ, ಅದೃಷ್ಟವೋ? ಡೊರೀನ್ ಹಿಂದೆ ಮುಂದೆ ಓಡಿಸಿ ನೋಡಿದಳು. ನೋಡನೋಡುತ್ತಾ ತಾನು ಯೋಚಿಸುತ್ತಿರುವುದು ಕೆಸಾಡನ ವಿಷಯವೋ, ವೆಂಡೆಲನ ವಿಷಯವೋ ತಿಳಿಯದಾಯಿತು. ಆ ಮನುಷ್ಯನೂ ಹಾಗೆಯೇ. ತಿಂಗಳುಗಟ್ಟಲೆ ಬೀಸುವುದೂ ಇಲ್ಲ, ಬಿಡುವುದೂ ಇಲ್ಲ.

ಬೆಳಗ್ಗೆ ಎದ್ದವಳೇ ಫೋನಿನಲ್ಲಿ ಲೀಗಿನ ಪುಟ ತೆರೆದು ಅವನಿಗೊಂದು ಅದಲುಬದಲು ಕಳಿಸಿದಳು. ಕೆಸಾಡನನ್ನು ನೀನು ತಗೋ, ನಿನ್ನ ಮುದಿ ಕ್ಯಾಚರ್‌ನನ್ನು ನನಗೆ ಕೊಡು. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯಬೇಕಾದ ಆ ಕ್ಯಾಚರ್‌ಗೆ ಕೂತರೆ ಏಳಲಾಗದು. ಇಂಥ ವ್ಯಾಪಾರ ಯಾರೂ ಬಿಡುವುದಿಲ್ಲ. ಒಪ್ಪಿಕೊಂಡನೋ, ಬನ್ನೂ ಸುಳ್ಳು, ಕಿವಿಯೂ ಸುಳ್ಳು.

ಕಾಫಿ ಆರುವಷ್ಟರಲ್ಲಿ ಉತ್ತರ ಬಂತು. ಬೇಡ.

ಡೊರೀನ್ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದಳು. ಎರಡನೇ ಸುತ್ತಿಗೆ ಕಾಲು ನಿಂತಿತು. ಅವನು ಹೇಳಿದ್ದೇ ನಿಜವಾಗಿದ್ದರೆ? ಕೆಸಾಡ ಉದ್ಧಾರವಾಗುವುದಿಲ್ಲ ಎಂದು ನಂಬಿರುವವನು ಅವನನ್ನು ಯಾಕೆ ತೆಗೆದುಕೊಳ್ಳುತ್ತಾನೆ? ಅಂದರೆ ಅವನಿಗೆ ಶಾರ್ಟ್‌ಸ್ಟಾಪೂ ಬೇಡ. ತಾನು ಬೇಕೋ ಬೇಡವೋ, ಅದಂತೂ ಇದರಿಂದ ಗೊತ್ತಾಗುವ ಹಾಗೇ ಇರಲಿಲ್ಲ. ಎಂಥ ದರಿದ್ರ ಪರೀಕ್ಷೆ! ತನ್ನ ತಲೆಗೇ ಒಂದು ಮೊಟಕಿಕೊಂಡು ಬಸ್ಸು ಹತ್ತಿದಳು. ಅವತ್ತು ಮಕ್ಕಳು ಉಸಿರೂ ಬಿಡಲಿಲ್ಲ.

ಮಧ್ಯಾಹ್ನ, ಮಕ್ಕಳನ್ನು ವಾಪಸು ಕರೆತರುವ ಹೊತ್ತಿಗೆ ಇನ್ನೂ ಸಮಯವಿತ್ತು. ಮಿಕ್ಕವರು ಏನನ್ನುತ್ತಾರೋ ನೋಡೋಣವೆಂದು ಬಸ್ಸನ್ನು ನೇರ ಬೌಲಿಂಗ್ ಆಲಿಗೆ ತಿರುಗಿಸಿದಳು. ಲೀಗಿನ ನಾಲ್ಕಾರು ಜನ ಬರ್ಗರ್ ತಿನ್ನುತ್ತಾ ಕೂತಿದ್ದರು.

"ಕೆಸಾಡನನ್ನ ಬಿಡ್ತಾ ಇದೀನಿ" ಎಂದು ಬಾಗಿಲಲ್ಲೇ ಕೂಗಿದಳು. "ಯಾರಿಗಾದ್ರೂ ಬೇಕಾ, ಇಲ್ಲಾ ತೊಟ್ಟಿಗೆ ಹಾಕ್ಲಾ?"

ಬರ್ಗರುಗಳು ಬಾಯಿಯ ಹತ್ತಿರವೇ ನಿಂತವು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಕಟಿಂಗ್ ಶಾಪಿನ ಮರ್ಲ್ ಎದ್ದೇ ನಿಂತ.

"ನನ್ನ ಒಳ್ಳೇ ಪಿಚರ್‌ನ ತಗೋ, ಡೊರೀನ್. ಮೇಲೆ ಇನ್ನೊಬ್ಬನ್ನೂ ಕೊಡ್ತೀನಿ."

ಡೊರೀನ್ ಕಣ್ಣು ಕಿರಿದು ಮಾಡಿದಳು. ಮರ್ಲ್ ಸತ್ತರೂ ಯಾರಿಗೂ ಏನನ್ನೂ ಮೇಲೆ ಕೊಡುವವನಲ್ಲ. "ನಿಂಗೇನಾಗಿದೆ? ಅವನು ಕೆಟ್ಟ ಚೆಂಡಿಗೆಲ್ಲ ಬೀಸ್ತಾನೆ."

"ನಂಗೂ ಹಾಗೇ ಅನ್ಸಿತ್ತು. ವೆಂಡೆಲ್ ಕಟಿಂಗ್‌ಗೆ ಬಂದಾಗೆಲ್ಲ ಅದೇ ಹಾಡು. ಆ ಹುಡುಗ ಅಪ್ಪಟ ಚಿನ್ನ, ಡೊರೀನ್ ಹತ್ರ ಇರೋದು ಚಿನ್ನ ಅಂತ. ಫರ್ನೇಸ್ ವಿಷ್ಯ ಬಿಟ್ರೆ ಅವನು ಅಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ."

"ನಂಗೂ ಹೇಳ್ದ" ಅಂದ ಕ್ಲೇ. ಹೇಳಿದ ಮೇಲೆ ಅವನ ಮುಖ ಗೊಂದಲಕ್ಕೆ ಬಿತ್ತು. "ತಾಳು. ಅಗ್ಗಕ್ಕೆ ಕೊಂಡ್ಕೊಳ್ಳೋನು ಊರಿಗೆಲ್ಲ ಚಿನ್ನ ಅಂತ ಯಾಕೆ ಸಾರ್ತಾನೆ?"

ಡೊರೀನಳಿಗೆ ಉತ್ತರ ಹೊಳೆದಿತ್ತು. ಹೊಳೆದದ್ದೇ ಬಾಗಿಲ ಕಡೆ ತಿರುಗಿದಳು. ಊರಿಗೆಲ್ಲ ಹೊಗಳಿದ್ದು ಅವಳ ಆಟಗಾರನ ಬೆಲೆ ಏರಲಿ ಎಂದು. ಅವಳಿಗೊಬ್ಬಳಿಗೆ ಬೈದು ಹೇಳಿದ್ದು, ಅವಳು ಆ ಬೆಲೆಗೆ ಬೇಗ ಮಾರಿಕೊಳ್ಳಲಿ ಎಂದು. ಈ ಲೀಗಿನಲ್ಲಿ ಅಣ್ಣ ತಮ್ಮನಿಗೆ, ಗಂಡ ಹೆಂಡತಿಗೆ ಯಾರೂ ಹೇಳದ ನಿಜವನ್ನು ಆ ಮನುಷ್ಯ ಅವಳ ಕೈ ಹಿಡಿದುಕೊಂಡು ಹೇಳಿದ್ದ.

"ಡೋರಿ, ಎಲ್ಲಿಗೆ? ಮರ್ಲ್‌ಗೆ ಏನ್ ಹೇಳ್ಲಿ?"

"ಕಾಯೋಕೆ ಹೇಳು!"

ವೆಂಡೆಲ್ ತನ್ನ ಶೆಡ್ಡಿನಲ್ಲಿ ತಗಡು ಕತ್ತರಿಸುತ್ತಿದ್ದ. ಹಳದಿ ಬಸ್ಸೊಂದು ಹಿಮ ಚಿಮ್ಮಿಸಿಕೊಂಡು ಬಾಗಿಲಿಗೆ ಅಡ್ಡ ಬಂದು ನಿಂತದ್ದು ನೋಡಿ ಕತ್ತರಿ ಕೆಳಗಿಟ್ಟ.

"ಊರಿಗೆಲ್ಲ ಚಿನ್ನ, ನಂಗೆ ಮಾತ್ರ ಕಸ. ಕೆಸಾಡನ ಬದ್ಲು ಮರ್ಲ್ ತನ್ನ ಒಳ್ಳೇ ಪಿಚರ್‌ನೇ ಕೊಡ್ತಾನಂತೆ. ಏನೋ ಇದು?" ಎನ್ನುತ್ತಲೇ ಒಳಗೆ ಬಂದಳು.

ವೆಂಡೆಲ್ ಗವಸು ಕಳಚಿದ. ಮತ್ತೆ ಹಾಕಿಕೊಂಡ. "ಊರಿಗೆ ಹೇಳಿದ್ದು ಸುಳ್ಳು."

"ನಂಗೆ ಹೇಳಿದ್ದು?"

"ನಿನ್ನ ಹತ್ರ ಸುಳ್ಳು ಹೇಳೋಕೆ ನಂಗೆ ಬರಲ್ಲ."

"ಹೋದ ವರ್ಷ ಬರ್ತಿತ್ತಲ್ಲ! ಆ ಎಡಗೈ ಪಿಚರ್‌ಗೆ ಮೊಣಕೈ ನೋವು ಅಂತ ಹೇಳಿ ನನ್ನ ಹತ್ರ ಕಿತ್ಕೊಂಡ್ಯಲ್ಲ!"

"ಆಗ ಬರ್ತಿತ್ತು." ಅವನು ತಗಡಿನ ಅಂಚನ್ನು ನೋಡುತ್ತಾ ಹೇಳಿದ. "ಈಗ ಬರ್ತಾ ಇಲ್ಲ. ಬಾಯಿ ತೆಗೆದ್ರೆ ನಿಜಾನೇ ಬರುತ್ತೆ. ಯಾವಾಗಿಂದ ಹೀಗಾಯ್ತು ಅಂತ ಕೇಳಬೇಡ."

ಡೊರೀನಳಿಗೆ ಬೈಯಲು ಏನಾದರೊಂದು ಬೇಕಿತ್ತು. ಸಿಕ್ಕಿದ್ದನ್ನೇ ಎತ್ತಿಕೊಂಡಳು.

"ಹೆಂಗಸಿನ ಕೈ ಹಿಡ್ಕೊಂಡು ಶಾರ್ಟ್‌ಸ್ಟಾಪ್ ವಿಷ್ಯ ಮಾತಾಡ್ತಾರಾ? ಮನುಷ್ಯನಾ ನೀನು?"

"ಬೇರೆ ಮಾತೇ ಹೇಳೋಕೆ ಬಂದಿದ್ದೆ. ನೀನು ಹಾಗೆ ಕಣ್ಣು ಬಿಟ್ಕೊಂಡು ನೋಡಿದ್ಯಲ್ಲ, ಗಾಬರಿ ಆಯ್ತು. ಬಾಯಿಗೆ ಬಂದೋನು ಕೆಸಾಡ."

"ನಂಗೂ ಗಾಬರಿ ಆಗಿತ್ತು, ಕತ್ತೆ."

ಅವನು ತಲೆಯೆತ್ತಿದ. ಆ ಚಳಿಗಾಲದಲ್ಲಿ ಮೊದಲ ಸಲ, ಅವಳು ಅವನ ಕಡೆಗೇ ನೋಡುತ್ತಿರುವಾಗ ಅವನು ಕಣ್ಣು ತಪ್ಪಿಸದೆ ಅವಳನ್ನು ನೋಡಿದ. ಕಿವಿಯನ್ನೂ ಅಲ್ಲ, ಕೂದಲನ್ನೂ ಅಲ್ಲ. ಅವಳು ಕಣ್ಣು ತೆಗೆಯಲಿಲ್ಲ. ಅವನೂ ತೆಗೆಯಲಿಲ್ಲ.

"ಹಾಗಾದ್ರೆ ಮರ್ಲ್‌ಗೆ ಕೊಟ್ಟುಬಿಡು" ಅಂದ ಮೆಲ್ಲಗೆ. "ಒಳ್ಳೇ ಪಿಚರ್ ಸಿಗ್ತಾನೆ."

"ಕೊಡಲ್ಲ. ಕೆಸಾಡನನ್ನ ನಾನೇ ಇಟ್ಕೋತೀನಿ. ನಿನ್ನ ಲೆಕ್ಕ ತಪ್ಪು. ಸೆಪ್ಟೆಂಬರಲ್ಲಿ ಅವನು ಆ ಚೆಂಡು ಬಿಟ್ಟಿದ್ದು ನೋಡಿದೀಯಾ?"

"ನೋಡಿದೀನಿ. ಅದು ಅದೃಷ್ಟ."

"ಕಲ್ತಿದಾನೆ."

"ಇಲ್ಲ, ಡೊರೀನ್. ನೀನು ಸೋಲ್ತೀಯ."

ನೀನು ಸೋಲ್ತೀಯ. ರಾಯ್ಸ್ ಅವಳಿಗೆ ಯಾವತ್ತೂ ಹಾಗೆ ಅಂದಿರಲಿಲ್ಲ. ನಗುತ್ತಿದ್ದ, ಭೇಷ್ ಅನ್ನುತ್ತಿದ್ದ, ಬೆನ್ನು ತಟ್ಟುತ್ತಿದ್ದ. ಡೊರೀನ್ ವೆಂಡೆಲನ ಹತ್ತಿರ ಹೋಗಿ ಅವನ ಗವಸುಗಳನ್ನು ಒಂದೊಂದಾಗಿ ಎಳೆದು ತಗಡಿನ ಮೇಲೆ ಹಾಕಿದಳು. ಬರಿಗೈ ಬೆಚ್ಚಗಿತ್ತು. ಅದನ್ನು ತನ್ನ ಬೆನ್ನಿನ ಹಿಂದಕ್ಕೆ ತಂದು ಇಟ್ಟುಕೊಂಡಳು.

"ಇನ್ನೊಂದು ಸಲ ಹೇಳು."

"ಏನು?"

"ಕೆಸಾಡನ ವಿಷ್ಯ. ನಿಜ ಏನಿದೆಯೋ ಅದು."

"ಮೇ ತಿಂಗಳೊಳಗೆ ಅವನನ್ನ ಕೆಳದರ್ಜೆ ತಂಡಕ್ಕೆ ವಾಪಸ್ ಕಳಿಸ್ತಾರೆ."

"ಆಮೇಲೆ?"

"ಕೆಳಗಿನ ಚೆಂಡು ಅವನಿಗೆ ಕಾಣೋದೇ ಇಲ್ಲ." ಅವನ ಗದ್ದ ಅವಳ ಕೂದಲಿಗೆ ತಾಗಿತ್ತು. "ಕಾಲಲ್ಲಿ ವೇಗ ಇದೆ, ನಿಜ. ಆದ್ರೆ ಮೊದಲನೇ ಬೇಸ್‌ಗೇ ಹೋಗಿ ಮುಟ್ಟದೋನು ಎರಡನೇದಕ್ಕೆ ಎಲ್ಲಿಂದ ಕದ್ದು ಓಡ್ತಾನೆ?"

"ಹೂಂ. ಇನ್ನೂ?"

ಅವನು ಹೇಳುತ್ತಾ ಹೋದ. ಡೊರೀನ್ ಅವನ ಜಾಕೆಟ್ಟಿಗೆ ಮುಖ ಒತ್ತಿಕೊಂಡು ಕೇಳುತ್ತಾ ನಿಂತಳು. ಆ ಮಾತಿನಲ್ಲಿ ಒಂದನ್ನೂ ಅವಳು ಒಪ್ಪಲಿಲ್ಲ. ಅವನು ನಿಲ್ಲಿಸಿದಾಗಲೆಲ್ಲ, ಹೇಳು, ಇನ್ನೂ ಹೇಳು ಎಂದು ತಿವಿದಳು.