ಹರಕೆಯಿಲ್ಲದ ಕೂದಲು

ಊಟ ಬಲ್ಲವನಿಗೆ ರೋಗವಿಲ್ಲ, ಕೂದಲು ಬಿಟ್ಟವನಿಗೆ ಹೆಣ್ಣಿಲ್ಲ! ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ; ನನ್ನ ಈ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ.

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ತುಂಬಿದ ಶೇರ್ ಆಟೋ. ಪಕ್ಕದವನ ಉದ್ದ ಕೂದಲು ಹಾರಿ ಶಿವಗಂಗಾಳ ಕಣ್ಣಿಗೆ ಬಡಿಯಿತು.

“ಬಾಲ್ ಸಂಭಾಲೋ ಭಾಯ್,” ಎಂದು ಕೂದಲು ತಳ್ಳುತ್ತ ಹಿಂದಿಯಲ್ಲಿ ಸಿಡುಕಿದಳು.

ಕರಿ ಟೀಶರ್ಟ್, ಎದೆಯ ಮೇಲೆ ತಲೆಬುರುಡೆ, ಕೈಗೆ ಕಬ್ಬಿಣದ ಬಳೆ. ರಾಕ್ಷಸನಂತೆ ತಿರುಗಿ ನೋಡಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

“ಹೂಂ ಯವ್ವಾ... ರೊಟ್ಟಿ ತಿಂದೀನಿ ಯವ್ವಾ... ಟೊಪಗಿ ಹಾಕ್ಕೊಂಡೀನಿ ಯವ್ವಾ...”

ತಲೆಯ ಮೇಲೆ ಟೊಪಗಿ ಇರಲಿಲ್ಲ. ಶಿವಗಂಗಾಳಿಗೆ ನಗು ತಡೆಯಲಾಗಲಿಲ್ಲ. “ಸುಳ್ಳು ಭಾಳ ಚಂದ ಹೇಳ್ತೀರಿ.”

ರಾಕ್ಷಸ ಬೆಚ್ಚಿದ. “ನಮ್ಮ ಕಡೀದವ್ರೇನ್ರಿ?”

ಅವನೇ ಹುಲಗೇಶ. ಹಗಲೆಲ್ಲ ಕಂಪ್ಯೂಟರ್, ಸಂಜೆ ಕರಿ ಟೀಶರ್ಟಿನ ಗೆಳೆಯರ ಜೊತೆ ಗಿಟಾರ್. ಮಳೆಗಾಲ ಮುಗಿಯುವಷ್ಟರಲ್ಲಿ, ಆಟೋದಲ್ಲಿ ಅವನು ಸಿಗದಿದ್ದರೆ ಶಿವಗಂಗಾಳಿಗೆ ದಿನವೇ ಸಾಗುತ್ತಿರಲಿಲ್ಲ.

ಸನತ್‌ನಗರದ ಮನೆಗೆ ಅವನನ್ನು ಕರೆತಂದ ದಿನ, ಅವ್ವ ಅಂಬವ್ವ ಬಾಗಿಲಲ್ಲೇ ನಿಂತು ಅವನ ತಲೆ ನೋಡಿದಳು. ಅವಳ ಊರಲ್ಲಿ ಗಂಡಸು ಹೆಗಲುದ್ದ ಕೂದಲು ಬಿಡುವುದು ಒಂದೇ ಕಾರಣಕ್ಕೆ.

“ಯಾವ ದೇವ್ರಿಗೆ ಬಿಟ್ಟೀಯಪಾ ತಮ್ಮಾ?”

ಹುಲಗೇಶ ಬಾಯಿ ತೆರೆದ. ಶಿವಗಂಗಾ ಮುಂದೆ ಬಂದಳು... ನಿಜ ಹೇಳಿದರೆ ಅವ್ವ ಬಾಗಿಲು ಹಾಕುತ್ತಾಳೆ!

“ಮನಿದೇವ್ರಿಗೆ ಯವ್ವಾ. ಹರಕಿ,” ಎಂದುಬಿಟ್ಟಳು.

ಅಂಬವ್ವನ ಮುಖ ಅರಳಿತು. ಚಾಪೆ ಬಂತು, ಶೇಂಗಾ ಹೋಳಿಗೆ ಬಂತು, ಕೊನೆಗೆ ತೀರ್ಪೂ ಬಂತು.

“ಹರಕಿ ಕೂದಲಾ ಇಟ್ಕೊಂಡು ಮದ್ವಿ ಮಾತಾಡಬಾರದು. ಮೊದಲು ಮುಡಿ ಕೊಟ್ಟು ಬಾ. ಆಮ್ಯಾಲ ನಿಶ್ಚೆ.”

ಓಣಿಗೆ ಬಂದದ್ದೇ ಹುಲಗೇಶ ನಿಂತ.

“ಆಫೀಸಿನ್ಯಾಗ ‘ಕ್ಲೈಂಟ್ ಬರ್ತಾರ, ಕತ್ತರಿಸು’ ಅಂತಾರ. ನಮ್ಮ ಹುಡುಗ್ರು ‘ಕತ್ತರಿಸಿದ್ರ ನೀ ನಮ್ಮಾಂವಲ್ಲ’ ಅಂತಾರ. ಮೊನ್ನೆ ಬಿಳಿ ಅಂಗಿ ಹಾಕ್ಕೊಂಡು ಹೋದ್ರ ಮಾತ ಆಡ್ಲಿಲ್ಲ. ನೀ ಒಬ್ಬಾಕಿ ನಾ ಹೆಂಗದೀನಿ ಹಂಗ ನೋಡ್ತಿ ಅಂದ್ಕೊಂಡಿದ್ದೆ.”

“ಮತ್ತ ಬೆಳಿತಾವಲ್ಲ ಹುಲಗೇಶ...”

“ಕೂದಲಾ ಬೆಳಿತಾವ.”

ಅಷ್ಟೇ. ಹೋದ. ಆಮೇಲೆ ಫೋನು ಎತ್ತಲಿಲ್ಲ.

‘ಅವ್ವನ ಮುಂದೆ ಅವನನ್ನು ಬೇರೆ ಯಾರನ್ನೋ ಮಾಡಿ ನಿಲ್ಲಿಸಿದೆನಲ್ಲ...’ ಎಂದುಕೊಂಡಳು ಶಿವಗಂಗಾ. ನಿಜ ಹೇಳಲು ಅಡುಗೆಮನೆಯವರೆಗೆ ಹೋಗುತ್ತಿದ್ದಳು, ನೀರು ಕುಡಿದು ಬರುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹುಲಗೇಶ! ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್, ಹಣೆಗೆ ಭಂಡಾರ. ಕೈಯ ತಟ್ಟೆಯಲ್ಲಿ ಅರಿಶಿಣ, ಕುಂಕುಮ... ಉದ್ದನೆಯ ಕರಿ ಕೂದಲು.

“ಹರಕಿ ಮುಟ್ಟಿತ್ರಿ ಅವ್ವಾರ,” ಎಂದ, ತಣ್ಣಗೆ.

ಹಿಂದೆ ಬಂದು ನಿಂತಿದ್ದ ಅವ್ವನತ್ತ ಶಿವಗಂಗಾ ಅಳುತ್ತ ತಿರುಗಿದಳು. “ಯವ್ವಾ, ಹರಕಿನೂ ಇಲ್ಲ, ಏನೂ ಇಲ್ಲ. ನಾ ಸುಳ್ಳು ಹೇಳಿದ್ನಿ. ಅಂವ ತನಗ ಚಂದ ಅನಿಸ್ತಂತ ಬಿಟ್ಟಿದ್ದ. ನನಗೂ... ನನಗೂ ಅಂವ ಹಂಗ ಚಂದ. ನೀ ಒಲ್ಲೆ ಅಂದ್ರೂ ನಾ ಅವನ್ನ ಬಿಡೂದಿಲ್ಲ.”

ಅಂಬವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. ಅಳುವೇ...?

“ಅದು ನನ್ನ ಚೌರಿ, ಹುಚ್ಚಿ. ಮದ್ವಿ ಮನಿಗೆ ಜಡಿಗೆ ಸೇರಿಸ್ಕೊಳ್ಳಾಕ ಬೇಗಂ ಬಜಾರ್‌ದಾಗ ತಂದಿದ್ದು! ನಿನ್ನೆ ನೀ ಡ್ಯೂಟಿಗೆ ಹೋದಾಗ ಬಂದು ತಾನ ಎಲ್ಲಾ ಹೇಳ್ಯಾನ. ನನ್ನ ಮಗಳು ಎಷ್ಟೊತ್ತು ಸುಳ್ಳು ಹಿಡ್ಕೊಂಡು ಕೂಡ್ತಾಳ ನೋಡೂಣಂತ ನಾನ ಕೊಟ್ಟೆ.”

“ಮತ್ತ... ಕೂದಲಾ?”

“ನೋಡಿದ್ರ ಈಗೂ ಮೈ ಉರಿತೈತಿ. ಆದ್ರ ಸುಳ್ಳು ಬೋಡತಲಿಗಿಂತ ಖರೇ ಜುಟ್ಲಾ ಛಲೋ.”

ಹುಲಗೇಶ ಟವೆಲ್ ಬಿಚ್ಚಿದ. ಕೂದಲು ಹೆಗಲಿಗೆ ಜಾರಿತು.

“ಸಿಟ್ಟು ಹೋತೇನು?” ಎಂದು ಶಿವಗಂಗಾ ಕೇಳಿದಳು.

“ಇನ್ನೊಮ್ಮೆ ಹೇಳು, ಹೋಗ್ತೈತಿ.”

“ಏನು?”

“ಬಿಡೂದಿಲ್ಲ ಅಂದೆಲ್ಲ, ಅದು.”

ಹೇಳಲು ಬಾಯಿ ತೆರೆದಳು. ಕುಂಕುಮ ಹಚ್ಚಿಸಿಕೊಂಡು ಗಂಭೀರವಾಗಿ ಮಲಗಿದ್ದ ಚೌರಿ ಕಣ್ಣಿಗೆ ಬಿತ್ತು. ಅಳುವಿನ ನಡುವೆಯೇ ನಗು ಒಡೆಯಿತು. ಅವ್ವ ನಕ್ಕಳು, ಹುಲಗೇಶ ನಕ್ಕ. ಓಣಿಯ ತುದಿಗೆ ಕೇಳಿಸಿದ್ದು ಮಾತ್ರ ಶಿವಗಂಗಾಳ ನಗು.